ಕತ್ತರಿ ಮಾಸ್ಟರನ ಬೈಕು

ಕತ್ತರಿ ಮಾಸ್ಟರನ ಬೈಕು ಜಗುಲಿಯ ಮೇಲೆ ನಿಂತು ನಿಂತು ತಾನು ಬೈಕು ಎಂಬುದನ್ನೇ ಮರೆತುಬಿಟ್ಟಿತ್ತು. ಹ್ಯಾಂಡಲಿಗೆ ಇಸ್ತ್ರಿಯಾದ ಅಂಗಿಗಳು ನೇತಾಡುತ್ತಿದ್ದವು. ಸೀಟಿನ ಮೇಲೆ ಹೊಲಿಯಲು ಬಂದ ಬಟ್ಟೆಯ ಗಂಟು, ಹಿಂದಿನ ಕ್ಯಾರಿಯರಿನಲ್ಲಿ ಗುಂಡಿಗಳ ಡಬ್ಬಿ. ಹೊಸ ಪ್ಯಾಂಟು ತೊಟ್ಟು ನೋಡುವ ಗಿರಾಕಿಗಳು ಅದರ ಕನ್ನಡಿಗೆ ಬೆನ್ನು ಮಾಡಿ, ಕತ್ತು ತಿರುಗಿಸಿ, ತಮ್ಮ ಹಿಂಭಾಗ ಹೇಗೆ ಕಾಣುತ್ತದೆ ಎಂದು ನೋಡಿಕೊಳ್ಳುತ್ತಿದ್ದರು. ಅಷ್ಟು ಬಿಟ್ಟರೆ ಬೈಕಿನಿಂದ ಮೂರು ಕಾಸಿನ ಉಪಯೋಗವಿರಲಿಲ್ಲ.

ಆದರೆ ಮಾಸ್ಟರನ ಎದುರು ಹಾಗೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಮನುಷ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಅವನು ಬೀದಿಗೆಲ್ಲ ಬಟ್ಟೆ ಹೊಲಿಯುವ ದರ್ಜಿ. ಕೈಯಲ್ಲಿ ಸದಾ ದೊಡ್ಡ ಕತ್ತರಿ ಇರುತ್ತಿದ್ದುದರಿಂದ ಆ ಹೆಸರು ಬಂದಿತ್ತು. ನಾಲಿಗೆಯಿಂದಲೇ ಬಂತು ಅನ್ನುವವರೂ ಇದ್ದರು.

ಆ ಕತ್ತರಿ ಅವನ ಅಪ್ಪನದು. ಅದು ಬಟ್ಟೆಯನ್ನು ಬಿಟ್ಟು ಬೇರೇನನ್ನೂ ಮುಟ್ಟುವಂತಿರಲಿಲ್ಲ. ದಾರದ ತುದಿ ಕತ್ತರಿಸಲೂ ಬೇರೆ ಚಿಕ್ಕ ಕತ್ತರಿ. ಕಾಗದದ ಮಾತಂತೂ ಎತ್ತುವಂತೆಯೇ ಇಲ್ಲ. ಕಾಗದ ಕತ್ತರಿಸಿದರೆ ಬಾಯಿ ಮೊಂಡಾಗುತ್ತದೆ, ಮೊಂಡಾದ ಕತ್ತರಿ ಬಟ್ಟೆಯನ್ನು ಅಗಿಯುತ್ತದೆ. ಮಗಳು ಚಿಕ್ಕವಳಿದ್ದಾಗ ಒಮ್ಮೆ ಅದರಲ್ಲಿ ಬಣ್ಣದ ಕಾಗದ ಕತ್ತರಿಸಿ ಹೂ ಮಾಡಿದ್ದಳು. ಮಾಸ್ಟರ್ ಕೂಗಿದ ಕೂಗಿಗೆ, ಅಳತೆ ಕೊಡಲು ನಿಂತಿದ್ದ ಗಿರಾಕಿ ಕೊರಳಲ್ಲಿದ್ದ ಟೇಪಿನ ಸಮೇತ ಓಡಿಹೋಗಿದ್ದ.

ಈಗ ಆ ಮಗಳು ಬೆಳೆದು, ಹೊಲಿಗೆ ಕಲಿತು, ಅಪ್ಪನ ಅಂಗಡಿಯಲ್ಲೇ ಕೂರುತ್ತೇನೆ ಎಂದಿದ್ದಳು. ಅವಳಿಗಾಗಿ ಬಟ್ಟೆಯ ಅಂಚು ಕಟ್ಟುವ ಓವರ್‌ಲಾಕ್ ಮಿಷನ್ ಬರುವುದಿತ್ತು. ಅದನ್ನು ಇಡಲು ಜಾಗ ಬೇಕು. ಅಂಗಡಿಯಾಗಿದ್ದ ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಿಷನ್ನು, ಕತ್ತರಿಸುವ ಮೇಜು, ಇಸ್ತ್ರಿ ಮೇಜು ಎಲ್ಲ ಒಂದರ ಮೈಗೆ ಒಂದು ಒರಗಿಕೊಂಡಿದ್ದವು. ಉಳಿದದ್ದು ಜಗುಲಿ. ಜಗುಲಿಯಲ್ಲಿ ಬೈಕು.

ಶನಿವಾರ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಮಾತು ತೆಗೆದಳು.

"ಸೋಮವಾರ ಬೆಳಿಗ್ಗೆ ಮಿಷನ್ ಬರ್ತದೆ. ನಾಳೆ ಸಂಜೆಗೆ ಗುಜರಿಯವನಿಗೆ ಬರೋಕೆ ಹೇಳಿದ್ದೀನಿ."

"ಗುಜರಿಯವನು ಯಾಕೆ?"

"ನಿಮ್ಮ ಬೈಕಿಗೆ."

ಮಾಸ್ಟರನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ನಿನಗೇನು ತಲೆ ಕೆಟ್ಟಿದೆಯೇನೇ? ಈ ಬೀದಿಗೆ ನಾವು ಬಂದಿದ್ದು ಯಾವುದರ ಮೇಲೆ? ನಿನ್ನ ತೊಡೆ ಮೇಲೆ ಹೊಲಿಗೆ ಮಿಷನ್ ಇಟ್ಕೊಂಡು, ಕತ್ತರಿ ನಾನು ಸೊಂಟಕ್ಕೆ ಸಿಕ್ಕಿಸ್ಕೊಂಡು..."

"ಗೊತ್ತು. ತೊಡೆ ನನ್ನದೇ. ಎಷ್ಟು ದಿನ ನೋವಿತ್ತು ಅಂತಲೂ ನನಗೇ ಗೊತ್ತು." ಅವಳು ನೀರಿನ ಲೋಟ ಅವನತ್ತ ಸರಿಸಿದಳು. "ಓಡೋ ಬೈಕಾದ್ರೆ ಬೀದಿಲಿ ನಿಲ್ಲಿಸಿ, ನಾನ್ಯಾಕೆ ಬೇಡ ಅನ್ಲಿ? ಓಡದೇ ಇರೋದನ್ನ ಹೊರಗೆ ನಿಲ್ಲಿಸಿದ್ರೆ ಹೋಗೋರು ಬರೋರು ಒಂದೊಂದೇ ಬಿಚ್ಕೊಂಡು ಹೋಗ್ತಾರೆ. ನಾಳೆ ಕತ್ತಲಾಗೋದ್ರೊಳಗೆ ಅದು ಓಡಿದ್ರೆ ನಿಮ್ಮದು. ಇಲ್ಲ ಅಂದ್ರೆ ಗುಜರಿಯವನದು."

ತಪ್ಪು ಪೂರ್ತಿ ಮಾಸ್ಟರನದೇ. ಆಯಿಲ್ ಬದಲಿಸುತ್ತೇನೆ ಅಂದ, ಬದಲಿಸಲಿಲ್ಲ. ಚೈನು ಒಣಗಿ ಕಿರುಗುಟ್ಟುತ್ತಿತ್ತು, ಒಂದು ತೊಟ್ಟು ಎಣ್ಣೆ ಕಾಣಿಸಲಿಲ್ಲ. ಕೊನೆಗೆ ಬೈಕು ನಡುರಸ್ತೆಯಲ್ಲಿ ಕೈಕೊಟ್ಟಿತು. ತಳ್ಳಿಕೊಂಡು ಬಂದು ಜಗುಲಿಗೆ ಏರಿಸಿ, "ಮುಂದಿನ ವಾರ ನೋಡ್ತೀನಿ" ಅಂದಿದ್ದ. ಆ ಮುಂದಿನ ವಾರ ಬರುವುದರೊಳಗೆ ಮಗಳು ದೊಡ್ಡವಳಾದಳು.

ಮೂಲೆಯ ಗ್ಯಾರೇಜಿನವನ ಬಳಿ ಹೋಗುವಂತೆಯೂ ಇರಲಿಲ್ಲ. ಆ ಬಾಗಿಲನ್ನು ಮಾಸ್ಟರ್ ತಾನೇ ಮುಚ್ಚಿಕೊಂಡಿದ್ದ. ಬೈಕು ನಿಂತ ಹೊಸದರಲ್ಲಿ ಗ್ಯಾರೇಜಿನವನು ಬಂದು, ಸುತ್ತ ಒಂದು ಸುತ್ತು ಹಾಕಿ, "ಮಾಸ್ಟ್ರೇ, ಇದನ್ನ ಬಿಚ್ಚಿದ್ರೆ ಕಟ್ಟೋಕಾಗಲ್ಲ. ಸುಮ್ನೆ ತೂಕಕ್ಕೆ ಹಾಕಿಬಿಡಿ" ಎಂದು ಹಲ್ಲು ಕಿರಿದಿದ್ದ. ಮಾಸ್ಟರ್ ಬಾಯಿಗೆ ಬಂದ ಹಾಗೆ ಬೈದು, "ನಿನ್ನ ಕೈಲಿ ಆಗದಿದ್ರೆ ಹೋಗು, ನಾನೇ ಮಾಡ್ತೀನಿ. ಮಾಡಿ ನಿನ್ನ ಗ್ಯಾರೇಜ್ ಮುಂದೇನೇ ಓಡಿಸ್ತೀನಿ" ಎಂದು ಇಡೀ ಬೀದಿಗೆ ಕೇಳುವಂತೆ ಸಾರಿದ್ದ. ಅಂದಿನಿಂದ ಗ್ಯಾರೇಜಿನವನು ಎದುರು ಸಿಕ್ಕಾಗಲೆಲ್ಲ "ಏನ್ ಮಾಸ್ಟ್ರೇ, ನಡ್ಕೊಂಡು ಹೊರಟ್ರಾ?" ಎಂದು ಬಹಳ ಪ್ರೀತಿಯಿಂದ ವಿಚಾರಿಸುತ್ತಿದ್ದ.

ಭಾನುವಾರ ಬೆಳಕು ಹರಿಯುವ ಹೊತ್ತಿಗೇ ಮಾಸ್ಟರ್ ತೋಳು ಮಡಿಸಿ ಕೂತ. ಜಗುಲಿಯ ಮೇಲೆ ಹಳೆಯ ಹಾಸಿಗೆ ಬಟ್ಟೆ ಹಾಸಿದ. ಬಿಚ್ಚಿದ ಒಂದೊಂದು ಭಾಗವನ್ನೂ ಅದರ ಮೇಲಿಟ್ಟು, ಸುತ್ತಲೂ ಚಾಕ್‌ನಿಂದ ಗೆರೆ ಎಳೆದ. ದರ್ಜಿಗೆ ಗೊತ್ತಿರುವುದು ಅದೊಂದೇ ದಾರಿ. ಯಾವುದು ತೋಳು, ಯಾವುದು ಜೇಬು ಎಂದು ಗುರುತು ಹಾಕಿದರೆ ಕೂಡಿಸುವಾಗ ಗೊಂದಲವಿಲ್ಲ.

"ಅಪ್ಪಾ, ಇದೇನು, ಬೈಕಿಗೆ ಅಂಗಿ ಹೊಲೀತಿದ್ದೀಯೋ?" ಮಗಳು ಹಲ್ಲುಜ್ಜುತ್ತಾ ಬಂದು ಕೇಳಿದಳು.

"ಮಾತಾಡ್ಬೇಡ, ಆ ಬ್ರಷ್ ಕೊಡು."

"ಇದು ನನ್ನದು!"

"ಹಾಗಾದ್ರೆ ಹಳೇದು ಹುಡುಕಿ ತಾ. ಚೈನ್ ಉಜ್ಜಬೇಕು."

ಹಳೆಯ ಬ್ರಷ್ ಬಂತು, ಬೋಗುಣಿಯಲ್ಲಿ ಸೀಮೆಎಣ್ಣೆ ಬಂತು. ಕೆಳಗಿನ ಬೋಲ್ಟ್ ಬಿಚ್ಚಿದಾಗ ಇಂಜಿನ್ನಿನಿಂದ ಹಳೆಯ ಆಯಿಲ್ ಕಾಡಿಗೆಯ ಹಾಗೆ ಇಳಿಯಿತು. ಹೆಂಡತಿ ಬಾಗಿಲಲ್ಲಿ ನಿಂತು ಒಂದು ಬಟ್ಟಲು ಚಹಾ ಅವನ ಪಕ್ಕಕ್ಕಿಟ್ಟು, "ಚಹಾ ಯಾವುದು, ಆಯಿಲ್ ಯಾವುದು ನೋಡಿ ಕುಡೀರಿ" ಎಂದು ಒಳಗೆ ಹೋದಳು.

ಗಾಳಿ ಸೋಸುವ ಡಬ್ಬಿಯನ್ನು ತೆರೆದಾಗ ಒಳಗೆ ಇಲಿಯ ಗೂಡು. ಇಲಿ ಎಂದೋ ಖಾಲಿ ಮಾಡಿಕೊಂಡು ಹೋಗಿತ್ತು, ಆದರೆ ಮನೆ ಗಟ್ಟಿಯಾಗಿತ್ತು. ಅಂಗಡಿಯಲ್ಲಿ ಕತ್ತರಿಸಿ ಬಿಸಾಡಿದ ಚಿಂದಿಗಳನ್ನೆಲ್ಲ ತಂದು ಒತ್ತೊತ್ತಾಗಿ ಸೇರಿಸಿತ್ತು. ಮಾಸ್ಟರ್ ಒಂದೊಂದನ್ನೇ ಎಳೆದು ಗುರುತು ಹಿಡಿದ. "ಇದು ಪೋಸ್ಟ್‌ಮ್ಯಾನ್ ಪ್ಯಾಂಟು. ಇದು ಡ್ರೈವರ್ ಅಂಗಿ. ಇದು... ಏ, ಇದು ನಿನ್ನ ಮೊದಲ ಲಂಗ ಕಣೇ ಮಗಳೇ!"

"ಇಲಿ ನಿನಗಿಂತ ಚೆನ್ನಾಗಿ ಜೋಡಿಸಿದೆ ಅಪ್ಪಾ. ಕೆಲಸಕ್ಕೆ ಇಟ್ಕೊಳ್ಳೋಣ."

ಮಾಸ್ಟರನಿಗೆ ನಗು ಬಂತು. ಸಿಟ್ಟಿನ ಮನುಷ್ಯ ನಕ್ಕರೆ ಮನೆಯೇ ಹಗುರಾಗುತ್ತದೆ. ಅವನು ಪ್ಲಗ್ಗನ್ನು ಉಜ್ಜಿ ಬೆಳಗಿದ. ಚೈನು ಹಾಕಿ, ಹೊಲಿಗೆ ಮಿಷನ್ನಿನ ಎಣ್ಣೆಯ ಡಬ್ಬಿಯನ್ನೇ ಅದರ ಮೇಲೆ ಹಿಂಡಿದ. ಹೊಸ ಆಯಿಲ್, ಪೆಟ್ರೋಲು ಹುಯ್ದು, ಟೈರಿಗೆ ಗಾಳಿ ತುಂಬಿದ. ಎಲ್ಲಾ ಚೆನ್ನಾಗಿಯೇ ನಡೆಯಿತು, ಕಾರ್ಬುರೇಟರ್ ಬಿಚ್ಚುವವರೆಗೆ.

ಗಾಳಿ, ಪೆಟ್ರೋಲು ಎರಡನ್ನೂ ಬೆರೆಸಿ ಇಂಜಿನ್ನಿಗೆ ಕುಡಿಸುವುದು ಈ ಕಾರ್ಬುರೇಟರ್. ಅದಕ್ಕೂ ಇಂಜಿನ್ನಿಗೂ ನಡುವೆ ಗ್ಯಾಸ್ಕೆಟ್ ಎಂಬ ದಪ್ಪ ಕಾಗದದ ಬಿಲ್ಲೆ ಇರುತ್ತದೆ. ನಡುವೆ ದುಂಡನೆಯ ತೂತು, ಅಕ್ಕಪಕ್ಕ ಬೋಲ್ಟಿಗೆ ಎರಡು ಚಿಕ್ಕ ತೂತು. ಮಾಸ್ಟರ್ ಕಾರ್ಬುರೇಟರನ್ನು ಎಳೆದ ಕೂಡಲೇ ಹಳೆಯ ಬಿಲ್ಲೆ ಹಪ್ಪಳದ ಹಾಗೆ ಪುಡಿಪುಡಿಯಾಯಿತು.

ಬಿಡಿಭಾಗದ ಅಂಗಡಿಗೆ ಓಡಿದ. ಅಂಗಡಿಯವನು ಬೈಕಿನ ಹೆಸರು ಕೇಳಿಯೇ ಕೈ ಆಡಿಸಿದ. "ಅದಕ್ಕೆಲ್ಲ ಈಗ ರೆಡಿಮೇಡ್ ಬರಲ್ಲ. ಈ ಹಾಳೆ ತಗೊಂಡು ಹೋಗಿ ನೀವೇ ಕತ್ತರಿಸ್ಕೊಳ್ಳಿ. ಕತ್ತರಿಸೋಕೆ ಬರ್ತದಲ್ಲ?"

ಮಾಸ್ಟರ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ನೀನು ಹಾಕ್ಕೊಂಡಿರೋ ಅಂಗಿ ಕತ್ತರಿಸಿದ್ದು ಯಾರು ಅಂದ್ಕೊಂಡಿದ್ದೀಯ?" ಎಂದು ಹಾಳೆ ಸುತ್ತಿಕೊಂಡು ಬಂದ.

ಮನೆಯಲ್ಲಿ ಹಾಳೆಯನ್ನು ಮೇಜಿನ ಮೇಲೆ ಹರಡಿದ. ಟೇಪು ಹಿಡಿದು ಕಾರ್ಬುರೇಟರಿನ ಬಾಯಿ ಅಳೆದ. ಚಾಕ್ ಕೆತ್ತಿ ಸಣ್ಣ ಗೆರೆ ಎಳೆದ. ಕೈ ಅಭ್ಯಾಸ ಇದ್ದ ಹಾಗೆ ಓಡಿತು; ದುಂಡನೆಯ ಕತ್ತು ಕಂಡರೆ ದರ್ಜಿಯ ಕೈ ಯೋಚಿಸುವುದಿಲ್ಲ. ದೊಡ್ಡ ಕತ್ತರಿ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಅಡುಗೆಮನೆಯ ಹಳೆಯ ಕತ್ತರಿಯಲ್ಲಿ ಕತ್ತರಿಸಿದ. ಅಂಚು ಇಲಿ ಕಡಿದ ಹಾಗೆ ಬಂತು. ಒಳಗೆ ಹೋಗುವುದಲ್ಲವೇ, ಯಾರು ನೋಡಬೇಕು ಎಂದು ಕೂರಿಸಿ ಬೋಲ್ಟ್ ಬಿಗಿದ.

ಮಧ್ಯಾಹ್ನದ ಹೊತ್ತಿಗೆ ಹಾಸಿಗೆ ಬಟ್ಟೆ ಖಾಲಿಯಾಗಿ ಬರೀ ಚಾಕಿನ ಗೆರೆಗಳು ಉಳಿದವು. ಒಂದು ಬೋಲ್ಟೂ ಮಿಗಲಿಲ್ಲ. ಬೈಕನ್ನು ಬೀದಿಗೆ ಇಳಿಸಿ ಮಾಸ್ಟರ್ ಕಿಕ್ ಹೊಡೆದ.

ಬೈಕು ಗೊಕ್ ಎಂದು ಕೆಮ್ಮಿತು. ಮತ್ತೆ ಹೊಡೆದ. ಗೊಕ್, ಗೊಕ್. ಒಂದು ಕ್ಷಣ ಹತ್ತಿಕೊಂಡ ಹಾಗೆ ಆಯಿತು. ಆಕ್ಸಿಲರೇಟರ್ ತಿರುಗಿಸಿದ ಕೂಡಲೇ ಏದುಸಿರು ಬಿಟ್ಟು ಸತ್ತಿತು.

ಪ್ಲಗ್ ಬಿಚ್ಚಿ ಇಂಜಿನ್ನಿಗೆ ತಾಗಿಸಿ ಹಿಡಿದು ಕಿಕ್ ಹೊಡೆದ. "ಕಿಡಿ ಬಂತಾ?"

"ಬಂತು. ನೀಲಿಯಾಗಿ ಬಂತು," ಬಗ್ಗಿ ನೋಡುತ್ತಿದ್ದ ಮಗಳು ಅಂದಳು.

ಪೈಪು ಕಳಚಿ ನೋಡಿದ. ಪೆಟ್ರೋಲು ಜಿನುಗುತ್ತಿತ್ತು. "ಬೆಂಕಿ ಇದೆ, ಪೆಟ್ರೋಲಿದೆ. ಇನ್ನೇನು ದೊಡ್ಡ ರೋಗ ಇದಕ್ಕೆ?" ಎಂದು ಟ್ಯಾಂಕಿಗೆ ಒಂದು ಗುದ್ದು ಕೊಟ್ಟ. ಕೈಗೆ ನೋವಾಯಿತು, ಅದಕ್ಕೂ ಬೈಕನ್ನೇ ಬೈದ. ಎರಡು ಮನೆ ಆಚೆ ಕಿಟಕಿ ತೆರೆಯಿತು. ಕಿಕ್ ಹೊಡೆದು ಹೊಡೆದು ಕಾಲು ಮರಗಟ್ಟಿತು. ಬಿಸಿಲು ಎದುರು ಮನೆಯ ಮಾಡಿನಿಂದ ಜಾರತೊಡಗಿತು. ಮಾಸ್ಟರ್ ಹೊಸ್ತಿಲ ಮೇಲೆ ತಲೆಗೆ ಕೈ ಹೊತ್ತು ಕುಳಿತ. ಗ್ಯಾರೇಜಿನವನ ಹಲ್ಲುಗಳೆಲ್ಲ ಕಣ್ಣ ಮುಂದೆ ಬಂದವು.

ಅದೇ ಹೊತ್ತಿಗೆ ಗುಜರಿಯವನು ತಳ್ಳುಗಾಡಿ ತಳ್ಳಿಕೊಂಡು ಬಂದ. ಮುಖವೆಲ್ಲ ಕೆಂಪಗೆ, ಕಣ್ಣು ಹೊರಗೆ ಬಂದಿತ್ತು.

"ಬಾರಪ್ಪಾ, ಯಮನ ಹಾಗೆ ಟೈಮಿಗೆ ಸರಿಯಾಗಿ ಬಂದೆ," ಅಂದ ಮಾಸ್ಟರ್.

"ಯಮ ನಾನಲ್ಲ ಮಾಸ್ಟ್ರೇ, ನೀವು." ಗುಜರಿಯವನು ಕೊರಳಿಗೆ ಬೆರಳು ತೂರಿಸಲು ನೋಡಿದ, ಬೆರಳು ಹೋಗಲಿಲ್ಲ. "ಏನ್ ಅಂಗಿ ಹೊಲಿದು ಕೊಟ್ಟಿದ್ದೀರಾ! ಬೆಳಿಗ್ಗೆ ಹೆಂಗೋ ತಲೆ ತೂರಿಸಿದೆ. ಈಗ ಬಿಚ್ಚೋಕೂ ಆಗ್ತಿಲ್ಲ, ಉಸಿರಾಡೋಕೂ ಆಗ್ತಿಲ್ಲ. ಜೋರಾಗಿ 'ಹಳೇ ಕಬ್ಬಿಣ' ಅಂತ ಕೂಗೋಕೆ ಹೋದ್ರೆ 'ಹಳೇ ಗೊಕ್' ಅಂತ ಬರ್ತದೆ."

ಅದು ಕಾಲರಿಲ್ಲದ, ದುಂಡು ಕತ್ತಿನ ಅಂಗಿ. ಮಾಸ್ಟರ್ ಸರ್ರನೆ ಎದ್ದ. ತನ್ನ ಹೊಲಿಗೆಯನ್ನು ಯಾರಾದರೂ ಹಳಿದರೆ ಅವನು ಸುಮ್ಮನಿರುವ ಜಾಯಮಾನದವನಲ್ಲ. "ನಿನ್ನ ಕತ್ತು ದಪ್ಪ ಆಗಿದ್ರೆ ಅಂಗಿ ಏನ್ ಮಾಡ್ತದೆ?" ಎಂದು ಕುತ್ತಿಗೆಯ ಪಟ್ಟಿಯನ್ನು ಹಿಡಿದು ಒಳಮಗ್ಗಲು ಮಡಿಸಿ ನೋಡಿದ. ನೋಡಿದವನೇ ಒಳಗೆ ತಿರುಗಿ ಗುಡುಗಿದ.

"ಏ ಹುಡುಗೀ! ಈ ಕತ್ತಿಗೆ ಹೊಲಿಗೆ ಹಾಕಿದ್ದು ನೀನಾ?"

ಮಗಳು ಬಾಗಿಲಿಗೆ ಬಂದಳು. "ಹೂಂ. ಯಾಕೆ?"

"ಯಾಕಾ? ಅಂಚಿಗೇ ಹೊಲಿದಿದ್ದೀಯಲ್ಲ! ನಾನು ಬಿಟ್ಟಿದ್ದ ಬಟ್ಟೆ ಹಾಗೇ ಉಳಿದಿದೆ. ಎಷ್ಟು ಸಲ ಹೇಳ್ಲಿ ನಿನಗೆ? ಕತ್ತು ಕತ್ತರಿಸುವಾಗ ಬೇಕಾದ್ದಕ್ಕಿಂತ ಚಿಕ್ಕದು ಕತ್ತರಿಸ್ತೀವಿ. ಯಾಕೆ? ಒಳಗೆ ಮಡಿಸಿ ಹೊಲಿದ ಮೇಲೆ ಸರಿಯಾದ ಅಳತೆಗೆ ಅಗಲ ಆಗ್ಲಿ ಅಂತ! ಮಡಿಸದೇ ಬಿಟ್ರೆ ತೂತು ಚಿಕ್ಕದಾಗೇ ಉಳಿದು, ಉಸಿರು ಕಟ್ಟಿ, ಕೆಮ್ಮಿ ಕೆಮ್ಮಿ..."

ಮಾತು ಅಲ್ಲೇ ನಿಂತಿತು. ಅವನ ಕೈ ಇನ್ನೂ ಗುಜರಿಯವನ ಕೊರಳಲ್ಲೇ ಇತ್ತು.

ಮಗಳು ಅಪ್ಪನ ಮುಖ ನೋಡಿದಳು, ಬೈಕು ನೋಡಿದಳು. ನಗು ತಡೆಯಲು ತುಟಿ ಕಚ್ಚಿಕೊಂಡಳು.

"ಅಪ್ಪಾ," ಅಂದಳು ಮೆಲ್ಲಗೆ, "ಆ ಬೈಕಿನ ಕಾಗದಕ್ಕೆ ಹೊಲಿಗೆಗೆ ಅಂತ ಜಾಗ ಬಿಟ್ಟಿದ್ಯಾ?"

ಒಳಗಿನಿಂದ ಹೆಂಡತಿಯ ನಗು ಕೇಳಿತು. ಅವಳು ನಗುತ್ತಲೇ ಹೊರಗೆ ಬಂದು ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡಳು. ಗುಜರಿಯವನೂ ನಗಲು ಹೋಗಿ, ಅಂಗಿ ಬಿಡದೆ, ಗೊಕ್ ಅಂದ.

"ನಗ್ಬೇಡಿ! ಬೋಲ್ಟ್ ಬಿಚ್ಚೋ ಪಾನಾ ಕೊಡಿ!" ಮಾಸ್ಟರ್ ಕೂಗಿದ. ಕೂಗಿದರೂ ಅವನ ಮೀಸೆಯ ಕೆಳಗೆ ಏನೋ ಅಲುಗುತ್ತಿತ್ತು.

ಕಾರ್ಬುರೇಟರ್ ಕಳಚಿದ. ಬಿಲ್ಲೆಯ ತೂತು ಗುಂಡಿಯ ಗಾತ್ರವಿತ್ತು. ಇರಬೇಕಾದ್ದು ಅದರ ಎರಡು ಪಟ್ಟು. ಅಡುಗೆಮನೆಯ ಕತ್ತರಿ ತಂದು ತೂತನ್ನು ಅಗಲ ಮಾಡಲು ಹೋದ. ಮೊಂಡು ಕತ್ತರಿ ಕಾಗದವನ್ನು ಎಳೆದು, ಬಿಲ್ಲೆ ಒಂದು ಕಡೆ ಚರ್ರನೆ ಹರಿಯಿತು. ಹಾಳೆಯಲ್ಲಿ ಉಳಿದಿದ್ದ ತುಂಡು ಇನ್ನೊಂದೇ ಒಂದು ಬಿಲ್ಲೆಗೆ ಸಾಲುವಷ್ಟು. ಅದೂ ಹರಿದರೆ ಮುಗಿಯಿತು. ಅಂಗಡಿ ಭಾನುವಾರ ಮಧ್ಯಾಹ್ನಕ್ಕೇ ಬಾಗಿಲು ಹಾಕಿರುತ್ತದೆ. ಬಿಸಿಲು ಮಾಡು ಬಿಟ್ಟು ಆಗಲೇ ಹೋಗಿಯಾಗಿತ್ತು.

"ಮಾಸ್ಟ್ರೇ, ಕತ್ತಲಾಗ್ತಿದೆ," ಅಂದ ಗುಜರಿಯವನು. "ನಾನು ಇನ್ನೂ ಎರಡು ಮನೆಗೆ ಹೋಗ್ಬೇಕು." ಬೈಕಿನ ಹ್ಯಾಂಡಲಿನ ಮೇಲೆ ಕೈ ಇಟ್ಟ. ತೂಕ ನೋಡುವವನ ಕೈ ಅದು.

ಹೆಂಡತಿ ಒಳಗೆ ಹೋದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ದೊಡ್ಡ ಕತ್ತರಿ ಇತ್ತು. ಅದರ ಬಟ್ಟೆಯ ಚೀಲವನ್ನು ಅಲ್ಲೇ ತೆಗೆದು ಹೆಗಲಿಗೆ ಹಾಕಿಕೊಂಡು, ಕತ್ತರಿಯನ್ನು ಅವನ ಮುಂದೆ ಹಿಡಿದಳು.

"ಇದು ಕಾಗದ ಕಣೇ!" ಮಾಸ್ಟರನ ದನಿ ಕೀರಲಾಯಿತು.

"ಕಣ್ಣು ಕಾಣ್ತದೆ ನನಗೆ. ಕತ್ತರಿಸಿ."

"ಅಪ್ಪನ ಕತ್ತರಿ. ಬಾಯಿ ಹೋಗ್ತದೆ."

"ಬಾಯಿ ಹೋದ್ರೆ ಸಾಣೆ ಹಿಡಿಸ್ಬಹುದು. ಬೈಕ್ ಹೋದ್ರೆ ಸಾಣೆ ಹಿಡಿಸ್ತೀರಾ?"

ಮಾಸ್ಟರ್ ಕತ್ತರಿ ನೋಡಿದ. ಬೈಕಿನ ಮೇಲಿದ್ದ ಗುಜರಿಯವನ ಕೈ ನೋಡಿದ. ಕತ್ತರಿ ತೆಗೆದುಕೊಂಡು, ಕಳ್ಳನ ಹಾಗೆ ಬೀದಿಯ ಎರಡೂ ಕಡೆ ಒಮ್ಮೆ ಕಣ್ಣು ಹಾಯಿಸಿ, ತುದಿಯಿಂದ ಕಾಗದವನ್ನು ಕಚ್ಚಿಸಿದ. ಕರ್ ಎಂದು ಸದ್ದಾಯಿತು. ಆ ಸದ್ದಿಗೆ ಅವನ ಹಲ್ಲು ಜುಮ್ಮೆಂದಿತು. ಈ ಸಲ ಕೈಗೆ ಓಡಲು ಬಿಡಲಿಲ್ಲ. ಗೆರೆಯ ಮೇಲೇ ಕತ್ತರಿಸಿದ. ಒಳಗೆ ಒಂದು ನೂಲಿನಷ್ಟೂ ಬಿಡಲಿಲ್ಲ. ತೂತು ಬಳೆಯ ಹಾಗೆ ದುಂಡಗೆ ಬಂತು.

ಕಾಗದದ ಹೂವಿಗೆ ಬೈಸಿಕೊಂಡಿದ್ದ ಮಗಳು ಕೈಕಟ್ಟಿ ನಿಂತು ನೋಡುತ್ತಿದ್ದಳು. ಮಾಸ್ಟರನಿಗೆ ಎಲ್ಲಕ್ಕಿಂತ ಹೆಚ್ಚು ಉರಿ ತರಿಸಿದ್ದು ಅದು.

ಬಿಲ್ಲೆ ಕೂತಿತು, ಬೋಲ್ಟ್ ಬಿಗಿಯಾಯಿತು. ಮಾಸ್ಟರ್ ಕಿಕ್ ಮೇಲೆ ಕಾಲಿಟ್ಟ. ಮೊದಲ ಏಟಿಗೆ ಏನೂ ಇಲ್ಲ. ಎರಡನೆಯದಕ್ಕೆ ಬೈಕು ಗುಡುಗಿತು. ಸೈಲೆನ್ಸರಿನಿಂದ ಕಪ್ಪು ಹೊಗೆಯ ಜೊತೆ ಪೋಸ್ಟ್‌ಮ್ಯಾನ್ ಪ್ಯಾಂಟಿನ ಒಂದು ಚಿಂದಿ ಹಾರಿ ಬಂದು ಗುಜರಿಯವನ ಗಾಡಿಯಲ್ಲಿ ಬಿತ್ತು. ಇಲಿ ಆ ಕಡೆಯೂ ಒಂದು ಕೋಣೆ ಮಾಡಿಕೊಂಡಿತ್ತು. ಆಮೇಲೆ ಹೊಗೆ ತೆಳುವಾಗಿ, ಸದ್ದು ಹದಕ್ಕೆ ಬಂದು, ಟಕ ಟಕ ಟಕ ಎಂದು ಬೈಕು ನಿಂತಲ್ಲೇ ಕುಣಿಯತೊಡಗಿತು. ಆಕ್ಸಿಲರೇಟರ್ ತಿರುಗಿಸಿದ. ಸಾಯಲಿಲ್ಲ, ಇನ್ನೂ ಜೋರಾಯಿತು.

"ನನ್ನ ಪಾಲಿಗೆ ಸಿಕ್ಕಿದ್ದು ಇದೇನಾ?" ಗುಜರಿಯವನು ಚಿಂದಿ ಎತ್ತಿ ತೋರಿಸಿದ.

"ಅದನ್ನೇ ಇಟ್ಕೋ. ಅಂಗಿ ಇಲ್ಲಿ ಬಿಟ್ಟು ಹೋಗು, ಕತ್ತು ಬಿಡಿಸಿ ಕೊಡ್ತೀನಿ."

"ಬಿಚ್ಚೋಕೆ ಬಂದ್ರೆ ತಾನೇ ಬಿಡೋದು!"

ಮಗಳು ಅವನನ್ನು ಮೆಟ್ಟಿಲ ಮೇಲೆ ಕೂರಿಸಿ, ಚಿಕ್ಕ ಕತ್ತರಿಯಿಂದ ತಾನು ಹಾಕಿದ್ದ ಹೊಲಿಗೆಯನ್ನು ಅವನ ಮೈಮೇಲೆಯೇ ಬಿಚ್ಚತೊಡಗಿದಳು. ಬಿಚ್ಚುತ್ತಾ, ತಲೆ ಎತ್ತದೆ ಕೇಳಿದಳು. "ಅಪ್ಪಾ, ಇನ್ಮೇಲೆ ನಾನೂ ದೊಡ್ಡ ಕತ್ತರೀಲಿ ಕಾಗದ ಕತ್ತರಿಸ್ಬಹುದಲ್ಲ?"

"ಕೈ ಮುರೀತೀನಿ."

"ನೀನು ಕತ್ತರಿಸಿದ್ಯಲ್ಲ?"

"ನಿಮ್ಮಮ್ಮ ಹೇಳಿದ್ಲು, ಕತ್ತರಿಸಿದೆ. ಅವಳನ್ನೇ ಕೇಳು."

ಹೆಂಡತಿ ಕತ್ತರಿಯನ್ನು ಒರೆಸಿ ಚೀಲಕ್ಕೆ ಹಾಕುತ್ತಿದ್ದಳು. ಮಾಸ್ಟರ್ ದನಿ ತಗ್ಗಿಸಿದ. ಬೈಕಿನ ಸದ್ದಿನಲ್ಲಿ ಅದು ಅವಳಿಗಷ್ಟೇ ಕೇಳಿತು.

"ಗುಜರಿಯವನನ್ನ ಕರೆಸಿದೋಳು ನೀನೇ. ಕತ್ತರಿ ತಂದು ಕೊಟ್ಟೋಳೂ ನೀನೇ. ಏನ್ ಲೆಕ್ಕ ಇದು?"

"ಅವನು ಬರ್ತಾನೆ ಅನ್ನದಿದ್ರೆ ನೀವು ಈ ಜನ್ಮದಲ್ಲಿ ಒಂದು ಬೋಲ್ಟ್ ಬಿಚ್ತಿದ್ರಾ?"

"ಓಡದಿದ್ರೆ?"

"ಕೊಟ್ಟು ಕಳಿಸ್ತಿದ್ದೆ," ಅಂದಳು ಅವಳು, ಸ್ವಲ್ಪವೂ ತಡವರಿಸದೆ. "ಮಾತು ಅಂದ್ರೆ ಮಾತು." ಕತ್ತರಿಯನ್ನು ಮಗಳ ಪಕ್ಕದಲ್ಲಿಟ್ಟು, ಸೆರಗು ಸಿಕ್ಕಿಸಿಕೊಂಡು, ಸೀಟಿನ ಮೇಲಿನ ಧೂಳನ್ನು ಅಂಗೈಯಿಂದ ಬಡಿದು ಹಿಂದೆ ಹತ್ತಿ ಕೂತಳು. "ಈ ಸಲ ತೊಡೆ ಮೇಲೆ ಮಿಷನ್ ಇಲ್ಲ. ಹೊರಡಿ."

ಮಾಸ್ಟರ್ ಎಡಕ್ಕೆ ತಿರುಗಿಸಲು ಹೋದ. ಅವಳು ಬೆನ್ನಿಗೆ ತಿವಿದಳು.

"ಆ ಕಡೆ ಯಾಕೆ? ಗ್ಯಾರೇಜ್ ಮುಂದೆ ಹೋಗಿ."

ಗ್ಯಾರೇಜಿನವನು ಷಟರ್ ಎಳೆಯುತ್ತಿದ್ದ. ಬೆನ್ನು ಈ ಕಡೆ ಇತ್ತು.

"ಹಾರ್ನ್ ಹೊಡೀರಿ, ನೋಡ್ಲಿ," ಅವಳು ಕಿವಿಯಲ್ಲಿ ಅಂದಳು.

ಮಾಸ್ಟರ್ ಹಾರ್ನಿನ ಗುಂಡಿ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಬೆಳಗಿನಿಂದ ಸಂಜೆಯವರೆಗೆ ಇಡೀ ಬೈಕು ಬಿಚ್ಚಿ ಕಟ್ಟಿದವನು ಹಾರ್ನನ್ನು ಮುಟ್ಟಿಯೇ ಇರಲಿಲ್ಲ. ಆದರೆ ಆ ಗಂಟಲಿಗೆ ಹಾರ್ನಿನ ಹಂಗೇಕೆ?

"ಏಯ್ ಗ್ಯಾರೇಜ್!" ಎಂದು ಅವನು ಕೂಗಿದ ಕೂಗಿಗೆ ಷಟರ್ ತಾನಾಗಿಯೇ ಧಡ್ಡೆಂದು ಕೆಳಗೆ ಬಿತ್ತು. ಹಿಂದೆ ಕೂತಿದ್ದವಳು, ತಿರುಗಿ ನಿಂತವನತ್ತ ಕೈ ಬೀಸಿ, ಬಹಳ ಪ್ರೀತಿಯಿಂದ ವಿಚಾರಿಸಿದಳು:

"ಏನಪ್ಪಾ, ನಡ್ಕೊಂಡು ಹೊರಟ್ಯಾ?"